ನಿಯಾನ್, ಕಾರ್ಡಿನಲ್, ಹಸಿರು ನಿಯಾನ್: ಮೂರು ಪುಟ್ಟ ಟೆಟ್ರಾಗಳನ್ನು ಬೇರೆಬೇರೆಯಾಗಿ ಗುರುತಿಸುವ ಬಗೆ

ಅಕ್ವೇರಿಯಂ ಇಟ್ಟುಕೊಂಡವರಲ್ಲಿ ನಿಯಾನ್ ಟೆಟ್ರಾ ಮೀನನ್ನು ನೋಡದವರು ಸಿಗುವುದು ಕಷ್ಟ. ಹೆಚ್ಚೆಂದರೆ ನಾಲ್ಕು ಸೆಂಟಿಮೀಟರ್ ಉದ್ದದ ಮೈ, ಕಣ್ಣಿನ ಬಳಿಯಿಂದ ಹೊರಟು ಪಕ್ಕೆಯ ಮೇಲೆ ಸಾಗುವ ಹೊಳೆಯುವ ನೀಲಿ ಪಟ್ಟಿ, ಅದರ ಕೆಳಗೆ ಕೆಂಪು. ಇಷ್ಟು ಕಂಡ ಕೂಡಲೇ ನಾವು ‘ನಿಯಾನ್’ ಎಂದು ಹೆಸರು ಹೇಳಿಬಿಡುತ್ತೇವೆ. ಆದರೆ ಈ ವರ್ಣನೆ ದಕ್ಷಿಣ ಅಮೆರಿಕದ ಮೂರು ಬೇರೆಬೇರೆ ಪ್ರಭೇದಗಳಿಗೆ ಒಪ್ಪುತ್ತದೆ. ಮೊದಲನೆಯದು ನಿಯಾನ್ ಟೆಟ್ರಾ, ವೈಜ್ಞಾನಿಕ ಹೆಸರು ಪ್ಯಾರಾಕೈರೊಡಾನ್ ಇನ್ನೆಸಿ. ಎರಡನೆಯದು ಕಾರ್ಡಿನಲ್ ಟೆಟ್ರಾ, ಪ್ಯಾರಾಕೈರೊಡಾನ್ ಆಕ್ಸೆಲ್‌ರೋಡಿ. ಮೂರನೆಯದು ಹಸಿರು ನಿಯಾನ್, ಪ್ಯಾರಾಕೈರೊಡಾನ್ ಸಿಮುಲಾನ್ಸ್. ಮೂರೂ ಒಂದೇ ಕುಲಕ್ಕೆ ಸೇರಿದವು. ಒಂದೇ ಹಿಂಡಿನಲ್ಲಿ ಬೆರೆತು ಈಜುತ್ತವೆ. ಒಂದೇ ತೊಟ್ಟಿಯಲ್ಲಿ ತುಂಬಿ ಒಂದೇ ಹೆಸರಿನಲ್ಲಿ ಮಾರುವುದೂ ಉಂಟು.

ಬರಿಯ ಹೆಸರಿನ ಗೊಂದಲವಾಗಿದ್ದರೆ ಇದನ್ನು ಇಷ್ಟು ವಿಸ್ತಾರವಾಗಿ ಬರೆಯುವ ಅಗತ್ಯವಿರಲಿಲ್ಲ. ನಿಯಾನ್ ತುಸು ತಂಪು ನೀರನ್ನು ಬಯಸುವ ಮೀನು. 21ರಿಂದ 25 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. ಕಾರ್ಡಿನಲ್ ಮತ್ತು ಹಸಿರು ನಿಯಾನ್‌ಗಳು 25ರಿಂದ 28 ಡಿಗ್ರಿಯ ಬೆಚ್ಚನೆಯ, ಮೆದುವಾದ (ಅಂದರೆ ಲವಣಾಂಶ ಕಡಿಮೆಯಿರುವ), ಆಮ್ಲೀಯ ನೀರಿನಲ್ಲಿ ಚೆನ್ನಾಗಿರುತ್ತವೆ. ಹಲವು ವರ್ಷಗಳ ಹಿಂದೆ ನಾನು ಹನ್ನೆರಡು ಕಾರ್ಡಿನಲ್‌ಗಳೆಂದು ತಂದ ಮೀನುಗಳಲ್ಲಿ ಐದು ನಿಯಾನ್‌ಗಳಿದ್ದವು. ಚೀಲದೊಳಗೆ ಎಲ್ಲವೂ ಒಂದೇ ಬಗೆಯ ಮಂಕು ಕೆಂಪಿನಲ್ಲಿದ್ದುದರಿಂದ ನನಗೆ ವ್ಯತ್ಯಾಸ ಹೊಳೆಯಲಿಲ್ಲ. ಕಾರ್ಡಿನಲ್‌ಗಳಿಗೆಂದು 28 ಡಿಗ್ರಿಗೆ ಬಿಸಿ ಮಾಡಿದ ನೀರಿನಲ್ಲಿ ಆ ಐದು ಮೀನುಗಳು ವಾರಗಳು ಕಳೆದಂತೆ ಸೊರಗಿದವು, ಅವುಗಳಲ್ಲಿ ಎರಡನ್ನು ಉಳಿಸಿಕೊಳ್ಳಲಾಗಲಿಲ್ಲ. ಕೆಂಪು ಎಷ್ಟು ಗಾಢವಾಗಿದೆ ಎಂದು ನೋಡುವ ಬದಲು ಕೆಂಪು ಎಲ್ಲಿಂದ ಶುರುವಾಗುತ್ತದೆ ಎಂದು ನೋಡಿದ್ದರೆ ಆ ತಪ್ಪು ಆಗುತ್ತಿರಲಿಲ್ಲ. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದೂ ಅದನ್ನೇ: ಈ ಮೀನುಗಳಲ್ಲಿ ಬಣ್ಣದ ಕಡುಪನ್ನು ನಂಬಬಾರದು, ಬಣ್ಣದ ಗಡಿಯನ್ನು ನಂಬಬೇಕು.

ನೋಡುವುದಕ್ಕೆ ಮೊದಲು

ಬಲೆಯಲ್ಲಿ ಹಿಡಿದ ಮೀನು, ಚೀಲದಲ್ಲಿರುವ ಮೀನು, ಈಗಷ್ಟೇ ದೀಪ ಹಾಕಿದ ತೊಟ್ಟಿಯ ಮೀನು, ಈ ಮೂರೂ ತಮ್ಮ ನಿಜವಾದ ಬಣ್ಣವನ್ನು ತೋರಿಸುವುದಿಲ್ಲ. ಹೆದರಿದಾಗ ಮತ್ತು ನಿದ್ರೆಯಲ್ಲಿದ್ದಾಗ ಇವುಗಳ ಕೆಂಪು ಬಹಳ ಮಟ್ಟಿಗೆ ಅಳಿಸಿಹೋಗುತ್ತದೆ. ಆದ್ದರಿಂದ ದೀಪ ಹಾಕಿ ಕನಿಷ್ಠ ಅರ್ಧ ಗಂಟೆ ಕಳೆದ ಮೇಲೆ, ಮೀನುಗಳು ಹಿಂಡಾಗಿ ನೆಮ್ಮದಿಯಿಂದ ಈಜುತ್ತಿರುವಾಗ ನೋಡಬೇಕು. ತೊಟ್ಟಿಯ ಹಿಂಬದಿಗೆ ಕಪ್ಪು ಅಥವಾ ಕಡುಗಂದು ಕಾಗದವನ್ನು ಅಂಟಿಸಿದರೆ ಬಣ್ಣ ಇನ್ನಷ್ಟು ಸ್ಪಷ್ಟವಾಗುತ್ತದೆ. ಬಿಳಿ ಮರಳು, ಬಿಳಿ ಹಿನ್ನೆಲೆ ಇರುವಲ್ಲಿ ಮೀನುಗಳು ತಾವಾಗಿಯೇ ಮೈಬಣ್ಣವನ್ನು ತೆಳುಗೊಳಿಸಿಕೊಳ್ಳುತ್ತವೆ. ದೀಪ ಬೆಳ್ಳನೆಯದಾಗಿರಲಿ. ಬರಿಯ ನೀಲಿ ಎಲ್‌ಇಡಿ ದೀಪದಡಿಯಲ್ಲಿ ನೀಲಿ ಪಟ್ಟಿ ಉರಿಯುವಂತೆ ಕಾಣುತ್ತದೆ, ಕೆಂಪು ಕಪ್ಪಾಗಿಬಿಡುತ್ತದೆ. ಅಂಥ ಬೆಳಕಿನಲ್ಲಿ ಮೂರು ಪ್ರಭೇದಗಳನ್ನೂ ಬೇರ್ಪಡಿಸಲು ಹೋಗದಿರುವುದೇ ಲೇಸು.

ಮೀನು ಗಾಜಿಗೆ ಸಮಾನಾಂತರವಾಗಿ, ಪೂರ್ತಿ ಪಕ್ಕೆಯನ್ನು ತೋರಿಸುತ್ತಾ ನಿಂತ ಕ್ಷಣವೇ ಗುರುತಿಸುವ ಕ್ಷಣ. ಅದು ಬೇಗ ತಿರುಗಿಬಿಡುತ್ತದಾದ್ದರಿಂದ ಮೊಬೈಲಿನಲ್ಲಿ ಒಂದಾದ ಮೇಲೊಂದು ಹತ್ತಾರು ಚಿತ್ರಗಳನ್ನು ತೆಗೆದು, ಅವುಗಳಲ್ಲಿ ಪಕ್ಕೆ ನೇರವಾಗಿ ಕಂಡ ಒಂದೆರಡನ್ನು ಹಿಗ್ಗಿಸಿ ನೋಡುವುದು ಉತ್ತಮ. ಫ್ಲ್ಯಾಶ್ ಬೇಡ. ನೀಲಿ ಪಟ್ಟಿ ಕನ್ನಡಿಯಂತೆ ಬೆಳಕನ್ನು ಹಿಂದಕ್ಕೆ ಎಸೆಯುವುದರಿಂದ, ಫ್ಲ್ಯಾಶ್ ಹಾಕಿದ ಚಿತ್ರದಲ್ಲಿ ಪಟ್ಟಿಯ ಅಂಚುಗಳು ಬೆಳ್ಳಗೆ ಹರಡಿಕೊಂಡು, ಅದು ಎಲ್ಲಿ ಮುಗಿಯಿತೆಂಬುದೇ ತಿಳಿಯುವುದಿಲ್ಲ. ಅನುಮಾನ ಉಳಿದರೆ ಎರಡು ಮೂರು ಮೀನುಗಳನ್ನು ಅದೇ ತೊಟ್ಟಿಯ ನೀರು ತುಂಬಿದ ಸಣ್ಣ ಪಾರದರ್ಶಕ ಪೆಟ್ಟಿಗೆಗೆ ಬಿಟ್ಟು, ಮೇಲೆ ಮುಚ್ಚಿ, ಐದು ನಿಮಿಷ ತಡೆದು ನೋಡಬಹುದು. ಒಂದೇ ಮೀನನ್ನು ಒಂಟಿಯಾಗಿ ಇಡಬಾರದು. ಹಿಂಡಿನಿಂದ ಅಗಲಿದ ಮೀನು ಮೂಲೆಗೆ ಒತ್ತಿಕೊಂಡು ಬಣ್ಣ ಕಳೆದುಕೊಳ್ಳುತ್ತದೆ.

ಮೊದಲು ಇದು ಟೆಟ್ರಾವೇ ಎಂಬುದನ್ನು ಖಚಿತಪಡಿಸಿಕೊಳ್ಳಿ

ಬೆನ್ನಿನ ಮೇಲಿನ ದೊಡ್ಡ ಈಜುರೆಕ್ಕೆಗೂ ಬಾಲಕ್ಕೂ ನಡುವೆ, ಕಣ್ಣಿಟ್ಟು ನೋಡಿದರೆ ಮಾತ್ರ ಕಾಣುವ, ಮೂಳೆಯ ಕಡ್ಡಿಗಳಿಲ್ಲದ ಒಂದು ಪುಟ್ಟ ರೆಕ್ಕೆ ಇರುತ್ತದೆ. ಇದನ್ನು ಕೊಬ್ಬಿನ ರೆಕ್ಕೆ ಎಂದು ಕರೆಯಬಹುದು. ಟೆಟ್ರಾಗಳಲ್ಲಿ ಸಾಮಾನ್ಯವಾಗಿ ಇರುವ ಈ ರೆಕ್ಕೆ ಬಾರ್ಬ್, ಡೇನಿಯೊ, ರಾಸ್ಬೊರಾಗಳಂಥ ಕಾರ್ಪ್ ಬಳಗದ ಪುಟ್ಟ ಮೀನುಗಳಲ್ಲಿ ಇರುವುದಿಲ್ಲ. ಇದರ ಇನ್ನೊಂದು ಉಪಯೋಗವೆಂದರೆ, ನೀಲಿ ಪಟ್ಟಿ ಎಲ್ಲಿ ಕೊನೆಗೊಳ್ಳುತ್ತದೆ ಎಂದು ಅಳೆಯಲು ಇದೇ ನಮ್ಮ ಗುರುತುಗಲ್ಲು.

ಹೆಸರಿನಲ್ಲಿ ನಿಯಾನ್ ಎಂದಿರುವ ‘ಕಪ್ಪು ನಿಯಾನ್’ ಬೇರೆ ಕುಲದ ಮೀನು. ಅದರಲ್ಲಿ ಬೆಳ್ಳಗಿನ ಗೆರೆಯ ಕೆಳಗೆ ದಪ್ಪ ಕಪ್ಪು ಪಟ್ಟಿ ಇದ್ದು, ಪಕ್ಕೆಯಲ್ಲಿ ನೀಲಿಯೂ ಇಲ್ಲ, ಕೆಂಪೂ ಇಲ್ಲ. ಕಿತ್ತಳೆ ಬಣ್ಣದ ಒಂಟಿ ಗೆರೆಯ ಗ್ಲೋಲೈಟ್ ಟೆಟ್ರಾ ಕೂಡ ಬೇರೆಯೇ. ಇವೆರಡನ್ನು ಒಮ್ಮೆ ನೋಡಿದವರು ಮತ್ತೆ ತಪ್ಪು ಮಾಡಲಾರರು.

ಕೆಂಪು ಎಲ್ಲಿಂದ ಶುರುವಾಗುತ್ತದೆ

ನಿಯಾನ್ ಟೆಟ್ರಾದಲ್ಲಿ ಕೆಂಪು ಹಿಂಬದಿಯ ಅರ್ಧದಲ್ಲಿ ಮಾತ್ರ ಇರುತ್ತದೆ. ಬೆನ್ನಿನ ಈಜುರೆಕ್ಕೆಯಿಂದ ಕೆಳಕ್ಕೆ ಒಂದು ಲಂಬ ಗೆರೆ ಎಳೆದಂತೆ ಊಹಿಸಿಕೊಳ್ಳಿ. ಹೆಚ್ಚುಕಡಿಮೆ ಆ ಗೆರೆಯ ಹತ್ತಿರದಲ್ಲಿ ಕೆಂಪು ಶುರುವಾಗಿ ಬಾಲದ ಬುಡದವರೆಗೆ ಹೋಗುತ್ತದೆ. ಆ ಗೆರೆಯಿಂದ ಮುಂದಕ್ಕೆ, ಅಂದರೆ ಹೊಟ್ಟೆಯಿಂದ ಕಿವಿರು ಮುಚ್ಚಳದವರೆಗೆ, ನೀಲಿ ಪಟ್ಟಿಯ ಕೆಳಗೆ ಇರುವುದು ಬೆಳ್ಳಿಯ ಬಿಳುಪು ಮಾತ್ರ.

ಕಾರ್ಡಿನಲ್‌ನಲ್ಲಿ ಕೆಂಪು ಕಿವಿರು ಮುಚ್ಚಳದ ಬಳಿಯಿಂದ, ಚೆನ್ನಾಗಿ ಬಣ್ಣ ಬಂದ ಮೀನಿನಲ್ಲಿ ಕಣ್ಣಿನ ಕೆಳಗಿನಿಂದಲೇ, ಶುರುವಾಗಿ ಬಾಲದ ಬುಡದವರೆಗೆ ಎಲ್ಲಿಯೂ ಕಡಿಯದೆ ಸಾಗುತ್ತದೆ. ಕ್ಯಾಥೊಲಿಕ್ ಚರ್ಚಿನ ಕಾರ್ಡಿನಲ್‌ಗಳು ತೊಡುವ ಉದ್ದನೆಯ ಕೆಂಪು ನಿಲುವಂಗಿಯನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು: ಕಾರ್ಡಿನಲ್ ಎಂದರೆ ಕತ್ತಿನಿಂದ ಕಾಲಿನವರೆಗೆ ಕೆಂಪು.

ಇಲ್ಲಿಯೇ ಹೊಸಬರು ಎಡವುವ ಒಂದು ಜಾಗವಿದೆ. ಕಾರ್ಡಿನಲ್‌ಗೂ ಹೊಟ್ಟೆಯ ತಳಭಾಗದಲ್ಲಿ, ಮುಂಬದಿಗೆ, ಒಂದು ಬೆಳ್ಳಿಯ ತೇಪೆ ಇರುತ್ತದೆ. ಅದನ್ನು ಕಂಡು ‘ಹೊಟ್ಟೆ ಬೆಳ್ಳಗಿದೆ, ಆದ್ದರಿಂದ ಇದು ನಿಯಾನ್’ ಎಂದು ತೀರ್ಮಾನಿಸುವವರನ್ನು ನಾನು ಬಹಳ ನೋಡಿದ್ದೇನೆ. ಈ ಗೊಂದಲವನ್ನು ಬಿಡಿಸಲು ನಾನು ಬಳಸುವ ಪ್ರಶ್ನೆ ಒಂದೇ: ಕಿವಿರು ಮುಚ್ಚಳದ ಹಿಂದೆಯೇ, ನೀಲಿ ಪಟ್ಟಿಯ ಕೆಳಅಂಚಿಗೆ ತಾಗಿಕೊಂಡಿರುವ ಬಣ್ಣ ಯಾವುದು? ಅಲ್ಲಿ ನೀಲಿಗೆ ಬೆಳ್ಳಿ ತಾಗಿದ್ದರೆ ನಿಯಾನ್. ನೀಲಿಗೆ ಕೆಂಪು ತಾಗಿದ್ದು, ಬೆಳ್ಳಿ ಅದರ ಕೆಳಗೆ ಇದ್ದರೆ ಕಾರ್ಡಿನಲ್. ಹೊಟ್ಟೆಯ ತಳವನ್ನು ನೋಡುವ ಗೋಜಿಗೇ ಹೋಗಬೇಕಾಗಿಲ್ಲ.

ಒಂದು ಸಂಜೆ ಇದನ್ನು ಬಹಳ ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿತು. ಒಂದು ಕಾರ್ಡಿನಲ್ ಮುಂದಿನ ಗಾಜಿಗೆ ಎರಡು ಬೆರಳಿನಷ್ಟು ದೂರದಲ್ಲಿ, ಮರದ ಬೇರಿನ ನೆರಳಿನ ಅಂಚಿನಲ್ಲಿ ಅಲುಗಾಡದೆ ನಿಂತಿತ್ತು. ಎದೆಯ ಪುಟ್ಟ ಈಜುರೆಕ್ಕೆಗಳು ಮಾತ್ರ ಬಿಡದೆ ಬೀಸುತ್ತಿದ್ದವು. ಕಿವಿರು ಮುಚ್ಚಳ ತೆರೆದಾಗಲೊಮ್ಮೆ ಅದರ ಹಿಂದಿನ ಕೆಂಪು ಅಂಚು ಒಂದು ಕೂದಲೆಳೆಯಷ್ಟು ಹೆಚ್ಚು ಕಾಣಿಸಿ, ಮುಚ್ಚಿದಾಗ ಮರೆಯಾಗುತ್ತಿತ್ತು. ಕೆಂಪಿಗೂ ನೀಲಿಗೂ ನಡುವೆ ಬೆಳ್ಳಿಯ ಒಂದು ಎಳೆಯೂ ಇರಲಿಲ್ಲ. ಒಂದು ಬಣ್ಣ ಮುಗಿದಲ್ಲಿಯೇ ಇನ್ನೊಂದು ಶುರುವಾಗಿತ್ತು. ಅದರ ಹಿಂದೆ ಸುಳಿದ ನಿಯಾನ್‌ನಲ್ಲಿ ಅದೇ ಜಾಗದಲ್ಲಿ ಹೊಸ ನಾಣ್ಯದ ಹೊಳಪಿತ್ತು. ಎರಡನ್ನೂ ಹೀಗೆ ಒಟ್ಟಿಗೆ ಒಮ್ಮೆ ನೋಡಿದ ಕಣ್ಣಿಗೆ ಆಮೇಲೆ ಅಳತೆಗೋಲು ಬೇಕಾಗುವುದಿಲ್ಲ.

ನೀಲಿ ಎಲ್ಲಿ ಮುಗಿಯುತ್ತದೆ

ಹಸಿರು ನಿಯಾನ್ ವಿಷಯಕ್ಕೆ ಬಂದಾಗ ಕೆಂಪಿನ ಪರೀಕ್ಷೆ ಕೈಕೊಡುತ್ತದೆ. ಅದರಲ್ಲಿ ಕೆಂಪು ಇರುವುದೇ ಕಡಿಮೆ. ಹಿಂಬದಿಯಲ್ಲಿ ತೆಳ್ಳಗೆ ಮೂಡಿದ ಛಾಯೆಯಂತೆ ಮಾತ್ರ ಇರುತ್ತದೆ. ಹೆದರಿ ಕೆಂಪು ಮಾಸಿದ ನಿಯಾನ್ ಕೂಡ ಥೇಟ್ ಹಾಗೆಯೇ ಕಾಣುವುದರಿಂದ, ‘ಕೆಂಪು ಮಂಕಾಗಿದೆ’ ಎಂಬುದನ್ನು ಲಕ್ಷಣವೆಂದು ಹಿಡಿದರೆ ಎರಡೂ ಒಂದೇ ಆಗಿಬಿಡುತ್ತವೆ.

ಆಗ ನೀಲಿ ಪಟ್ಟಿಯ ಬಾಲದ ಕಡೆಯ ತುದಿಯನ್ನು ನೋಡಬೇಕು. ನಿಯಾನ್‌ನಲ್ಲಿ ಪಟ್ಟಿ ಕಣ್ಣಿನ ಬಳಿಯಿಂದ ಹೊರಟು ಕೊಬ್ಬಿನ ರೆಕ್ಕೆಯ ಬುಡಕ್ಕೆ ಬರುವಷ್ಟರಲ್ಲಿ ಕಿರಿದಾಗಿ ನಿಂತುಬಿಡುತ್ತದೆ. ಅಲ್ಲಿಂದ ಬಾಲದವರೆಗಿನ ಸಣ್ಣ ಸೊಂಟದ ಭಾಗದಲ್ಲಿ ನೀಲಿ ಇರುವುದಿಲ್ಲ, ಅದು ಕೆಂಪಿನ ಪಾಲು. ಹಸಿರು ನಿಯಾನ್‌ನಲ್ಲಿ ಪಟ್ಟಿ ಕೊಬ್ಬಿನ ರೆಕ್ಕೆಯನ್ನು ದಾಟಿ, ಆ ಸೊಂಟದ ಮೇಲೂ ನೇರವಾಗಿ ಸಾಗಿ, ಬಾಲದ ಈಜುರೆಕ್ಕೆಯ ಬುಡವನ್ನು ಮುಟ್ಟುತ್ತದೆ. ಪಟ್ಟಿಯ ಬಣ್ಣವೂ ನೀಲಿಗಿಂತ ಹಸಿರಿನ ಕಡೆಗೆ ವಾಲಿರುತ್ತದೆ. ಆದರೆ ಮುಂದೆ ವಿವರಿಸಲಿರುವ ಕಾರಣಕ್ಕಾಗಿ ಆ ಹಸಿರನ್ನು ಎರಡನೆಯ ಸಾಕ್ಷಿಯಾಗಿ ಮಾತ್ರ ಇಟ್ಟುಕೊಳ್ಳಬೇಕು. ಪಟ್ಟಿಯ ಉದ್ದವೇ ಮೊದಲನೆಯ ಸಾಕ್ಷಿ.

ಒಟ್ಟಿನಲ್ಲಿ ಎರಡೇ ಪ್ರಶ್ನೆಗಳು, ಅವುಗಳನ್ನು ಇದೇ ಕ್ರಮದಲ್ಲಿ ಕೇಳಬೇಕು. ನೀಲಿ ಪಟ್ಟಿ ಬಾಲದ ಬುಡವನ್ನು ಮುಟ್ಟಿ, ಕೆಂಪು ತೆಳುವಾಗಿ ಹಿಂದಕ್ಕೆ ಮಾತ್ರ ಇದೆಯೇ? ಹೌದಾದರೆ ಹಸಿರು ನಿಯಾನ್. ಇಲ್ಲವಾದರೆ, ಕಿವಿರಿನ ಹಿಂದೆ ನೀಲಿಗೆ ತಾಗಿರುವುದು ಕೆಂಪೋ ಬೆಳ್ಳಿಯೋ? ಉತ್ತರ ಕೆಂಪಾದರೆ ಕಾರ್ಡಿನಲ್, ಬೆಳ್ಳಿಯಾದರೆ ನಿಯಾನ್.

ಬಣ್ಣವನ್ನು ಏಕೆ ನಂಬಬಾರದು

ಕೆಂಪು ಮತ್ತು ನೀಲಿ ಈ ಮೀನಿನ ಮೈಯಲ್ಲಿ ಹುಟ್ಟುವ ರೀತಿಯೇ ಬೇರೆಬೇರೆ. ಕೆಂಪು ನಿಜವಾದ ವರ್ಣದ್ರವ್ಯ. ಚರ್ಮದ ವರ್ಣಕೋಶಗಳಲ್ಲಿ ಅದು ಹರಡಿಕೊಂಡಾಗ ಬಣ್ಣ ಕಡುವಾಗುತ್ತದೆ, ಕೋಶದ ನಡುವಿಗೆ ಮುದುಡಿಕೊಂಡಾಗ ತೆಳುವಾಗುತ್ತದೆ. ಕ್ಯಾರೊಟಿನಾಯ್ಡ್‌ಗಳೆಂಬ ಈ ದ್ರವ್ಯಗಳನ್ನು ಮೀನು ತಾನೇ ತಯಾರಿಸಿಕೊಳ್ಳಲಾರದು, ಆಹಾರದಿಂದ ಪಡೆಯಬೇಕು. ಹಾಗಾಗಿ ಒಂದೇ ಪ್ರಭೇದದ ಎರಡು ಮೀನುಗಳಲ್ಲಿ ಚೆನ್ನಾಗಿ ಉಂಡದ್ದು ಕಡುಗೆಂಪಾಗಿಯೂ, ಒಣ ಆಹಾರದ ಮೇಲೆ ಸೊರಗಿದ್ದು ಗುಲಾಬಿಯಾಗಿಯೂ ಕಾಣಬಹುದು.

ನೀಲಿ ಪಟ್ಟಿಯಲ್ಲಾದರೋ ನೀಲಿ ಬಣ್ಣವೆಂಬ ದ್ರವ್ಯವೇ ಇಲ್ಲ. ಅಲ್ಲಿರುವ ಐರಿಡೋಫೋರ್ ಎಂಬ ಕೋಶಗಳೊಳಗೆ ಗ್ವಾನೀನ್ ಹರಳಿನ ಅತಿ ತೆಳುವಾದ ಹಲಗೆಗಳು ಒಂದರ ಮೇಲೊಂದು, ನಡುವೆ ಒಂದಿಷ್ಟು ಎಡೆ ಬಿಟ್ಟುಕೊಂಡು, ಅಟ್ಟಣಿಗೆಯಂತೆ ಜೋಡಿಸಿಕೊಂಡಿರುತ್ತವೆ. ಪ್ರತಿ ಹಲಗೆಯಿಂದ ಮರಳುವ ಬೆಳಕಿನ ಅಲೆಗಳು ಒಂದಕ್ಕೊಂದು ಸೇರಿ, ಕೆಲವು ಬಣ್ಣಗಳು ಬಲಗೊಂಡು ಉಳಿದವು ಅಳಿದುಹೋಗುತ್ತವೆ. ಸಾಬೂನಿನ ಗುಳ್ಳೆಯ ಮೇಲೆ ಬಣ್ಣ ಮೂಡುವುದೂ ಇದೇ ತತ್ತ್ವದಿಂದ. ಹಲಗೆಗಳ ನಡುವಿನ ಎಡೆ ಬದಲಾದರೆ ಬಣ್ಣವೂ ಬದಲಾಗುತ್ತದೆ. ಬೆಳಕಿಗೆ ಒಗ್ಗಿದ ನಿಯಾನ್‌ನ ಪಟ್ಟಿ ಹಸಿರು ಬೆರೆತ ನೀಲಿಯಾಗಿದ್ದರೆ, ಕತ್ತಲಿನಲ್ಲಿ ಗಂಟೆಗಟ್ಟಲೆ ಇದ್ದ ಅದೇ ಮೀನಿನ ಪಟ್ಟಿ ಕಡುನೇರಳೆಯ ಕಡೆಗೆ ಸರಿಯುತ್ತದೆ. ನೋಡುವ ಕೋನ ಬದಲಾದರೂ ಛಾಯೆ ಬದಲಾಗುತ್ತದೆ. ಬೆಳಗಿನ ಜಾವ ಟಾರ್ಚ್ ಹಿಡಿದು ತೊಟ್ಟಿಯೊಳಗೆ ನೋಡಿದವರಿಗೆ, ಕೆಂಪಿಲ್ಲದ, ನೇರಳೆ ಗೆರೆಯ, ಅರೆಪಾರದರ್ಶಕ ಮೈಯ ಅಪರಿಚಿತ ಮೀನುಗಳು ಕಾಣುತ್ತವೆ. ಇವು ನಿನ್ನೆಯವೇ ಹೌದೇ ಎಂದು ಗಾಬರಿಯಾಗುವುದೂ ಸಹಜ. ದೀಪ ಹಾಕಿ ಸ್ವಲ್ಪ ಹೊತ್ತು ಕಳೆದರೆ ಪರಿಚಿತ ಬಣ್ಣ ಮರಳುತ್ತದೆ.

ಹಸಿರು ನಿಯಾನ್‌ನ ‘ಹಸಿರ’ನ್ನು ಎರಡನೆಯ ಸಾಕ್ಷಿಯೆಂದದ್ದು ಇದಕ್ಕಾಗಿಯೇ. ಬೆಳಕು, ಹೊತ್ತು, ಕೋನ ಇವೆಲ್ಲ ಕೂಡಿಬಂದರೆ ನಿಯಾನ್‌ನ ಪಟ್ಟಿಯೂ ಹಸಿರಾಗಿ ಕಾಣಬಲ್ಲದು. ಆದರೆ ಪಟ್ಟಿ ಮುಗಿಯುವ ಜಾಗ ಹಗಲಿರುಳೆನ್ನದೆ ಒಂದೇ ಆಗಿರುತ್ತದೆ, ಏಕೆಂದರೆ ಆ ಕೋಶಗಳು ಇರುವ ಜಾಗ ಬದಲಾಗುವುದಿಲ್ಲ.

ಗಾತ್ರ, ಆಕಾರ, ಹೆಣ್ಣು-ಗಂಡು

ಬೆಳೆದ ಕಾರ್ಡಿನಲ್ ತೊಟ್ಟಿಯಲ್ಲಿ ನಾಲ್ಕು ಸೆಂಟಿಮೀಟರಿನ ಆಸುಪಾಸಿಗೆ ಬರುತ್ತದೆ, ನಿಯಾನ್ ಅದಕ್ಕಿಂತ ಸ್ವಲ್ಪ ಚಿಕ್ಕದು, ಹಸಿರು ನಿಯಾನ್ ಎರಡರಿಂದ ಎರಡೂವರೆ ಸೆಂಟಿಮೀಟರಿಗೆ ನಿಲ್ಲುತ್ತದೆ ಮತ್ತು ಮೈಕಟ್ಟೂ ತೆಳ್ಳಗಿರುತ್ತದೆ. ಮಾರಾಟಕ್ಕೆ ಬರುವ ಮೀನುಗಳು ಬಹುಪಾಲು ಎಳೆಯವಾದ್ದರಿಂದ ಗಾತ್ರ ನೋಡಿ ಹೆಸರು ಹೇಳುವುದು ಅಪಾಯಕರ. ತೀರ ಎಳೆಯ ಮರಿಗಳಲ್ಲಿ ನೀಲಿ ಮೊದಲು ಮೂಡಿ, ಕೆಂಪು ನಿಧಾನವಾಗಿ ತುಂಬಿಕೊಳ್ಳುವುದರಿಂದ ಅವುಗಳ ವಿಷಯದಲ್ಲಿ ಅವಸರ ಮಾಡದೆ ಬೆಳೆಯಲು ಬಿಡಬೇಕು.

ಹೆಣ್ಣು ಮೀನಿನ ಹೊಟ್ಟೆ ದುಂಡಾಗಿರುತ್ತದೆ. ಆ ದುಂಡಿನಿಂದಾಗಿ ಅದರ ನೀಲಿ ಪಟ್ಟಿ ನಡುವಿನಲ್ಲಿ ಸ್ವಲ್ಪ ಬಾಗಿದಂತೆ ತೋರುತ್ತದೆ. ಸಪೂರವಾದ ಗಂಡಿನಲ್ಲಿ ಅದು ನೇರವಾಗಿರುತ್ತದೆ. ಬಾಗಿದ ಪಟ್ಟಿಯ ಮೀನು ಒಂದು ಪ್ರಭೇದ, ನೇರ ಪಟ್ಟಿಯದು ಇನ್ನೊಂದು ಎಂದು ಭಾವಿಸಬಾರದು, ಅದು ಒಂದೇ ಪ್ರಭೇದದ ಗಂಡುಹೆಣ್ಣಿನ ಭೇದ.

ತಳಿಗಳು ಮತ್ತು ಒಂದು ರೋಗ

ನಿಯಾನ್ ಟೆಟ್ರಾವನ್ನು ಬಹುಕಾಲದಿಂದ ಸಾಕಣೆ ಕೇಂದ್ರಗಳಲ್ಲಿ ಬೆಳೆಸುತ್ತಿರುವುದರಿಂದ ಅದರಲ್ಲಿ ಮಾನವ ಆಯ್ದು ಬೆಳೆಸಿದ ತಳಿಗಳಿವೆ. ಡೈಮಂಡ್ ನಿಯಾನ್‌ನಲ್ಲಿ ಉದ್ದನೆಯ ನೀಲಿ ಪಟ್ಟಿಯ ಬದಲು ಬೆನ್ನಿನ ಮೇಲೆ ಬೆಳ್ಳಿಯ ಮಿನುಗು ಇರುತ್ತದೆ. ಗೋಲ್ಡ್ ನಿಯಾನ್‌ನ ಮೈ ತೆಳು ಹೊಂಬಣ್ಣದ್ದು. ಡೈಮಂಡ್ ತಳಿಯಲ್ಲಿ ನೀಲಿಯ ಪರೀಕ್ಷೆಗೆ ಅರ್ಥವಿಲ್ಲ, ಆದರೆ ಕೆಂಪು ಹಿಂಬದಿಯ ಅರ್ಧಕ್ಕೇ ಸೀಮಿತವಾಗಿರುವುದನ್ನು ನೋಡಿ ಅದು ನಿಯಾನ್ ಕುಡಿಯೇ ಎಂದು ತಿಳಿಯಬಹುದು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಸಾಧಾರಣ ನಿಯಾನ್‌ನ ಪಟ್ಟಿ ಒಂದೆಡೆ ತುಂಡಾಗಿ, ಅಲ್ಲಿ ಮೈ ಬೆಳ್ಳಗೆ ಬಿಳಿಚಿಕೊಂಡಿದ್ದರೆ ಅದನ್ನು ಯಾವುದೋ ಅಪರೂಪದ ತಳಿಯೆಂದು ಸಂತೋಷಪಟ್ಟು ತರಬಾರದು. ಪ್ಲೈಸ್ಟೊಫೊರಾ ಹೈಫೆಸೊಬ್ರೈಕಾನಿಸ್ ಎಂಬ ಸೂಕ್ಷ್ಮ ಪರಾವಲಂಬಿ ಸ್ನಾಯುಗಳನ್ನು ಒಳಗಿನಿಂದ ಕೆಡಿಸಿದಾಗ ಹೀಗಾಗುತ್ತದೆ. ಇದಕ್ಕೆ ನಿಯಾನ್ ಟೆಟ್ರಾ ರೋಗವೆಂದೇ ಹೆಸರು, ಆದರೆ ಇದು ಬೇರೆ ಮೀನುಗಳಿಗೂ ತಗಲುತ್ತದೆ. ನಂಬಬಹುದಾದ ಔಷಧಿ ಇಲ್ಲ. ತಳಿಯ ಮೀನಿನಲ್ಲಿ ಎರಡೂ ಪಕ್ಕೆಗಳ ವಿನ್ಯಾಸ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ, ಮೀನು ಹಿಂಡಿನ ಜೊತೆಯಲ್ಲಿಯೇ ಇರುತ್ತದೆ. ರೋಗದ ಬಿಳುಪು ಸಾಮಾನ್ಯವಾಗಿ ಒಂದು ಪಕ್ಕೆಯಲ್ಲಿ ಅಂದಗೆಟ್ಟ ತೇಪೆಯಂತೆ ಶುರುವಾಗಿ ದಿನದಿನಕ್ಕೆ ಹರಡುತ್ತದೆ. ಮೀನು ಗುಂಪಿನಿಂದ ಹಿಂದೆ ಬೀಳುತ್ತದೆ, ಕ್ರಮೇಣ ಬೆನ್ನು ಗೂನಾಗುತ್ತದೆ. ಬ್ಯಾಕ್ಟೀರಿಯಾ ಸೋಂಕಿನಿಂದಲೂ ಹೀಗೆಯೇ ಬಿಳಿಚಿಕೊಳ್ಳುವುದುಂಟು. ಎರಡರಲ್ಲಿ ಯಾವುದೇ ಆದರೂ ಅಂಥ ಮೀನನ್ನು ಬೇರೆ ತೊಟ್ಟಿಗೆ ತಕ್ಷಣ ಸಾಗಿಸಬೇಕು, ಸತ್ತ ಮೀನನ್ನು ಉಳಿದವು ತಿನ್ನುವ ಮುನ್ನ ತೆಗೆದುಬಿಡಬೇಕು.

ಹೆಸರು ಮತ್ತು ತವರು

ಹಳೆಯ ಪುಸ್ತಕ ಅಥವಾ ಹಳೆಯ ಪಟ್ಟಿಗಳನ್ನು ಇಟ್ಟುಕೊಂಡು ಗುರುತಿಸಲು ಹೊರಟವರಿಗೆ ಹೆಸರುಗಳೇ ಒಂದು ತೊಡಕು. ನಿಯಾನ್ ಟೆಟ್ರಾವನ್ನು 1936ರಲ್ಲಿ ಜಾರ್ಜ್ ಮೈಯರ್ಸ್ ಅವರು ಹೈಫೆಸೊಬ್ರೈಕಾನ್ ಇನ್ನೆಸಿ ಎಂದು ಹೆಸರಿಸಿದರು. ಆ ಹೆಸರು ಅಮೆರಿಕದ ಅಕ್ವೇರಿಯಂ ಬರಹಗಾರ ವಿಲಿಯಂ ಇನ್ನೆಸ್ ಅವರ ಗೌರವಾರ್ಥ. ಕಾರ್ಡಿನಲ್‌ಗೆ 1956ರ ಫೆಬ್ರವರಿಯಲ್ಲಿ ಎರಡು ಹೆಸರುಗಳು ಒಂದೇ ದಿನದ ಅಂತರದಲ್ಲಿ ಅಚ್ಚಾದವು: 20ರಂದು ಲಿಯೊನಾರ್ಡ್ ಶುಲ್ಟ್ಜ್ ಅವರ ಕೈರೊಡಾನ್ ಆಕ್ಸೆಲ್‌ರೋಡಿ, 21ರಂದು ಮೈಯರ್ಸ್ ಮತ್ತು ಸ್ಟ್ಯಾನ್ಲಿ ವೈಟ್ಜ್‌ಮನ್ ಅವರ ಹೈಫೆಸೊಬ್ರೈಕಾನ್ ಕಾರ್ಡಿನಾಲಿಸ್. ಮೊದಲು ಪ್ರಕಟವಾದದ್ದೇ ಉಳಿಯಿತು. ಹಸಿರು ನಿಯಾನ್ ಅನ್ನು 1963ರಲ್ಲಿ ಫ್ರಾನ್ಸಿನ ಜಾಕ್ ಜೆರಿ ವಿವರಿಸಿದರು. ಸಿಮುಲಾನ್ಸ್ ಎಂಬ ಲ್ಯಾಟಿನ್ ಪದಕ್ಕೆ ಅನುಕರಿಸುವುದು ಎಂದರ್ಥ, ಆ ಮೀನಿನ ಮಟ್ಟಿಗೆ ಅದಕ್ಕಿಂತ ಒಪ್ಪುವ ಹೆಸರು ಸಿಗದು. 1983ರಲ್ಲಿ ವೈಟ್ಜ್‌ಮನ್ ಮತ್ತು ವಿಲಿಯಂ ಫಿಂಕ್ ಮೂರನ್ನೂ ಪ್ಯಾರಾಕೈರೊಡಾನ್ ಕುಲದಡಿ ಒಟ್ಟುಗೂಡಿಸಿದರು. ಆದ್ದರಿಂದ ಹಳೆಯ ಬರಹಗಳಲ್ಲಿ ಬೇರೆಬೇರೆ ಕುಲದ ಹೆಸರು ಕಂಡರೆ ಅದು ಬೇರೆ ಮೀನೆಂದು ಗಾಬರಿಯಾಗಬೇಕಿಲ್ಲ, ಎರಡನೆಯ ಪದವನ್ನು ನೋಡಿದರೆ ಸಾಕು.

ಕಾಡಿನಲ್ಲಿ ಹಿಡಿದ ಮೀನಾಗಿದ್ದು, ಅದು ಎಲ್ಲಿಂದ ಬಂತೆಂಬುದು ಖಚಿತವಾಗಿ ತಿಳಿದಿದ್ದರೆ, ತವರೂ ಒಂದು ಗುರುತೇ. ನಿಯಾನ್ ಅಮೆಜಾನಿನ ಮೇಲ್ಭಾಗದ ಮೀನು. ಪೆರು, ಕೊಲಂಬಿಯಾ ಮತ್ತು ಬ್ರೆಜಿಲ್‌ಗಳ ತೊರೆಗಳಲ್ಲಿದೆ. ಕಾರ್ಡಿನಲ್ ಮತ್ತು ಹಸಿರು ನಿಯಾನ್‌ಗಳು ಬ್ರೆಜಿಲ್‌ನ ರಿಯೊ ನೆಗ್ರೊ ಹಾಗೂ ಒರಿನೊಕೊ ನದಿಯ ಮೇಲ್ಭಾಗದವು. ಕೊಳೆತ ಎಲೆಗಳ ಸತ್ವ ಇಳಿದು ಕಡು ಚಹಾದ ಬಣ್ಣಕ್ಕೆ ತಿರುಗಿದ, ಲವಣಗಳು ಇಲ್ಲವೆನ್ನುವಷ್ಟು ಕಡಿಮೆ ಇರುವ ನೀರು ಅವುಗಳದು. ರಿಯೊ ನೆಗ್ರೊ ದಂಡೆಯ ಬಾರ್ಸೆಲೋಸ್ ಪಟ್ಟಣದ ಸುತ್ತಲಿನ ಜನ ತಲೆಮಾರುಗಳಿಂದ ಕಾರ್ಡಿನಲ್ ಹಿಡಿದು ಬದುಕಿದವರು. ಅಲ್ಲಿನ ಮೀನಿನ ಹಬ್ಬದಲ್ಲಿ ಸ್ಪರ್ಧಿಸುವ ಎರಡು ತಂಡಗಳಲ್ಲಿ ಒಂದಕ್ಕೆ ಕಾರ್ಡಿನಲ್ ಎಂದೇ ಹೆಸರು. ನದಿ ಇಳಿದಾಗ ಈ ಮೀನುಗಳಲ್ಲಿ ಬಹುಪಾಲು ಹೇಗೂ ಸಾಯುತ್ತವೆ, ಕಾಡಿನಲ್ಲಿ ಅವುಗಳ ಆಯುಷ್ಯ ಹೆಚ್ಚಾಗಿ ಒಂದು ವರ್ಷ ಮಾತ್ರ. ಮಿತಿಯಲ್ಲಿ ಹಿಡಿಯುವುದರಿಂದ ಮೀನಿಗೂ ಕಾಡಿಗೂ ಕೇಡಿಲ್ಲವೆಂಬ ವಾದಕ್ಕೆ ಇದೇ ಬಲ, ನನಗೂ ಅದು ಒಪ್ಪಿಗೆಯಾಗುತ್ತದೆ. ಮಾರುಕಟ್ಟೆಯ ನಿಯಾನ್‌ಗಳಾದರೋ ಬಹುತೇಕ ಸಾಕಣೆಯವೇ, ಕಾರ್ಡಿನಲ್‌ಗಳನ್ನೂ ಈಗ ಸಾಕಣೆಯಲ್ಲಿ ಬೆಳೆಸುತ್ತಾರೆ. ಹೀಗಾಗಿ ‘ಇದು ಕಾಡಿನದು, ಆದ್ದರಿಂದ ಕಾರ್ಡಿನಲ್’ ಎಂಬ ಮಾತನ್ನು ಮಾತ್ರ ಕೇಳಿ ಒಪ್ಪಬಾರದು.

ಬೆರಕೆ ಹಿಂಡು ಸಿಕ್ಕಿದಾಗ

ತಂದ ಹಿಂಡಿನಲ್ಲಿ ಎರಡು ಪ್ರಭೇದಗಳು ಬೆರೆತಿರುವುದು ಗೊತ್ತಾದರೆ ಗಾಬರಿಯಿಂದ ಬಲೆ ಹಾಕಿ ಅಟ್ಟಾಡಿಸುವ ಅಗತ್ಯವಿಲ್ಲ. ಇವು ಒಂದನ್ನೊಂದು ಕಾಡುವುದಿಲ್ಲ. ನೀರನ್ನು ಮೆದುವಾಗಿಟ್ಟು, ಪಿಎಚ್ 6ರಿಂದ 6.8ರ ನಡುವೆ, ಬಿಸಿಯನ್ನು 25 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದರೆ ಮೂರಕ್ಕೂ ಸಹ್ಯವಾಗುತ್ತದೆ. ಆದರೆ ಮರಿ ಮಾಡಿಸುವ ಉದ್ದೇಶವಿದ್ದರೆ ಬೇರ್ಪಡಿಸಲೇಬೇಕು. ನೋಟಕ್ಕೆ ಎಷ್ಟೇ ಹೋಲಿದರೂ ನಿಯಾನ್‌ನ ಜೀವಕೋಶದಲ್ಲಿರುವುದು 32 ವರ್ಣತಂತುಗಳು, ಕಾರ್ಡಿನಲ್‌ನಲ್ಲಿ 52, ಆದ್ದರಿಂದ ಇವೆರಡನ್ನು ಜೋಡಿ ಮಾಡಿ ಮರಿಗಳನ್ನು ನಿರೀಕ್ಷಿಸುವಂತಿಲ್ಲ. ಹಸಿರು ನಿಯಾನ್‌ಗಳು ಎರಡು ಮೂರು ಮಾತ್ರ ಇದ್ದರೆ ಅವು ದೊಡ್ಡ ಮೀನುಗಳ ಹಿಂದೆ ಅಡಗಿ ಸರಿಯಾಗಿ ತಿನ್ನದೆ ಉಳಿಯುತ್ತವೆ. ಅವುಗಳ ಸಂಖ್ಯೆಯನ್ನು ಹತ್ತಕ್ಕಾದರೂ ಏರಿಸುವುದು, ಇಲ್ಲವೇ ಅವುಗಳ ಹಿಂಡು ಇರುವವರಿಗೆ ಕೊಡುವುದು ಒಳ್ಳೆಯದು.

ಹೊಸ ಮೀನುಗಳನ್ನು ತಂದ ಮರುದಿನ, ದೀಪ ಹಾಕಿ ಅರ್ಧ ಗಂಟೆ ಕಳೆದ ಮೇಲೆ ಮೊದಲ ಸಲ ಆಹಾರ ಹಾಕಿ. ಎಲ್ಲವೂ ಮೇಲಕ್ಕೆ, ಮುಂದಕ್ಕೆ ಬಂದು ಪಕ್ಕೆ ತೋರಿಸುವ ಹೊತ್ತು ಅದು. ಆಗ ಚಿತ್ರ ತೆಗೆದು, ನೀಲಿಯ ತುದಿಯನ್ನೂ ಕಿವಿರಿನ ಹಿಂದಿನ ಬಣ್ಣವನ್ನೂ ಒಂದೊಂದು ಮೀನಿಗೂ ನೋಡಿ, ಯಾವುದು ಎಷ್ಟಿದೆ ಎಂದು ದಿನಾಂಕದೊಡನೆ ಬರೆದಿಟ್ಟುಕೊಳ್ಳಿ.